ಲಿವರಿನ ಮೇಲಿರಬೇಕಾಗಿದ್ದ ರುಮಾಲು

ಬೇರೆಯವರ ಕೈ ಎಲ್ಲಿ ತಪ್ಪುತ್ತದೆ ಎಂದು ನೋಡಿ ಬರೆದುಕೊಳ್ಳುವುದೇ ನನ್ನ ಉದ್ಯೋಗವಾಗಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಅದನ್ನೇ ಮಾಡಿದೆ. ರೈಲು ನಡೆಸುವವರು, ಹಳಿ ಕೂಡಿಸುವವರು, ಗೇಟು ಕಾಯುವವರು, ಕೊನೆಕೊನೆಗೆ ಬಸ್ಸಿನ ಡ್ರೈವರುಗಳು, ಇಂಥವರ ಪಕ್ಕದಲ್ಲಿ ಕೂತು, ಅವರು ಯಾವ ಕಡೆ ನೋಡುತ್ತಾರೆ, ಎಷ್ಟು ಹೊತ್ತಿಗೆ ಕೈ ಎತ್ತುತ್ತಾರೆ, ಯಾವಾಗ ಆಕಳಿಸುತ್ತಾರೆ ಎಂಬುದನ್ನು ಗೆರೆ ಹಾಕಿದ ಹಾಳೆಯಲ್ಲಿ ತುಂಬುತ್ತಿದ್ದೆ. ಇಂಥದೊಂದು ಕೆಲಸ ಏಕೆ ಬೇಕು ಎಂದು ನೆಂಟರಿಗೆ ತಿಳಿಸಿ ಹೇಳಲು ನನಗೆ ಎಂದೂ ಆಗಲಿಲ್ಲ. ನನ್ನ ಸೋದರಮಾವ ಮದುವೆ ಮನೆಗಳಲ್ಲಿ ನನ್ನನ್ನು ತೋರಿಸಿ, "ಇಂವ ಮಂದಿ ಆಕಳಿಸೋದು ಎಣಿಸ್ತಾನ. ಅದಕ್ಕ ಸರ್ಕಾರ ಪಗಾರ ಕೊಡ್ತೈತಿ, ನೋಡ್ರಿ ಮತ್ತ" ಎಂದು ಪಂಕ್ತಿಯನ್ನೆಲ್ಲ ನಗಿಸುತ್ತಿದ್ದರು.

ನಿವೃತ್ತನಾದ ದಿನ ಹಾರ ಹಾಕಿದವರು, ನಾನು ಎಷ್ಟೋ ಜೀವ ಉಳಿಸಿದೆ ಎಂದರು. ಇರಬಹುದು. ಆದರೆ ಆ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನನ್ನಿಂದ ಒಬ್ಬನ ನೌಕರಿ ಹೋಯಿತು. ಅದನ್ನು ಉಳಿಸಬಹುದಾಗಿದ್ದ ಒಂದು ಮಾತು ನನ್ನ ಬಾಯಲ್ಲಿತ್ತು. ನಾನು ಆಡಲಿಲ್ಲ. ಎಂಬತ್ತು ದಾಟಿದ ಮೇಲೆ ಇನ್ನು ಯಾರಿಗೂ ಅಂಜಬೇಕಾಗಿಲ್ಲ ಎಂದುಕೊಂಡು ಬರೆಯಲು ಕೂತರೂ ಪೆನ್ನು ಹಿಂದೆ ಸರಿಯುತ್ತದೆ.

ಅದು ಐವತ್ತರ ದಶಕದ ನಡುಭಾಗ. ನಮ್ಮ ಆದೋನಿ ತಾಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಕರ್ನೂಲಿಗೆ ಸೇರಿಸಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ನಮ್ಮ ತಂದೆ ಗುಮಾಸ್ತರಾಗಿದ್ದ ಹತ್ತಿ ಪ್ರೆಸ್ಸಿನಲ್ಲೇ, ಒತ್ತಿ ಪಟ್ಟಿ ಕಟ್ಟಿದ ಹತ್ತಿಯ ಬೇಲುಗಳ ಚೀಟಿ ಬರೆಯುತ್ತಿದ್ದೆ. ಆಗ ಮದರಾಸಿನಿಂದ ರೈಲ್ವೆಯ ಒಬ್ಬ ಅಧಿಕಾರಿ ಬಂದರು. ಮನಶ್ಶಾಸ್ತ್ರ ಓದಿದವರು. ನಮ್ಮ ಕಡೆಯ ಚಿಕ್ಕ ಸ್ಟೇಷನ್ನುಗಳಲ್ಲಿ ಕೆಲಸಗಾರರು ಹೇಗೆ ಕೆಲಸ ಮಾಡುತ್ತಾರೆ ಎಂದು ಮೂರು ತಿಂಗಳು ನೋಡಿ ವರದಿ ಬರೆಯಲು ಅವರನ್ನು ನೇಮಿಸಿದ್ದರು. ಅವರಿಗೆ ಕನ್ನಡ ಬಾರದು, ತೆಲುಗು ಅಷ್ಟಕ್ಕಷ್ಟೆ. ಎರಡೂ ಬಲ್ಲ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬಲ್ಲ ಒಬ್ಬ ಸಹಾಯಕ ಬೇಕಾಗಿತ್ತು. ನನ್ನನ್ನು ತೆಗೆದುಕೊಂಡರು. ಕೆಲಸ ಚೆನ್ನಾಗಿ ಮಾಡಿದರೆ ಕಾಯಂ ಆಗಬಹುದು ಎಂದರು.

ಮೊದಲ ದಿನವೇ ಅವರು ನನಗೆ ಹೇಳಿದ ಮಾತು ಇದು: "ಹತ್ತು ಸಾವಿರ ಸಲ ಸರಿಯಾಗಿ ಮಾಡಿದವನು ಒಂದು ಸಲ ಏಕೆ ತಪ್ಪು ಮಾಡುತ್ತಾನೆ? ಎಲ್ಲರೂ ಅವನು ಸೋಮಾರಿ, ಕುಡುಕ ಎನ್ನುತ್ತಾರೆ. ನಾನು ಅದನ್ನು ನಂಬುವುದಿಲ್ಲ. ನೀನು ಸುಮ್ಮನೆ ನೋಡು, ನೋಡಿದ್ದನ್ನು ಬರೆ. ಅವನ ಕೆಲಸದಲ್ಲಿ ಕೈ ಹಾಕಬೇಡ, ಹೀಗೆ ಮಾಡು ಹಾಗೆ ಮಾಡು ಎನ್ನಬೇಡ. ಗೋಡೆಯ ಮೇಲೆ ಹಲ್ಲಿ ಇದ್ದ ಹಾಗೆ ಇರು."

ನನಗೆ ಒಂದು ಸ್ಟಾಪ್ ವಾಚು ಕೊಟ್ಟರು. ಅಂಥದನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ಅದರ ಗುಂಡಿ ಒತ್ತಿ ಮುಳ್ಳು ಓಡಿಸಿ ನಿಲ್ಲಿಸುವಾಗ ನಾನು ಬೇಲಿನ ಚೀಟಿಯವನಲ್ಲ, ಬೇರೆಯೇ ಆಸಾಮಿ ಎನಿಸುತ್ತಿತ್ತು.

ನನ್ನನ್ನು ಹಾಕಿದ್ದು ಆದೋನಿಯಿಂದ ಸ್ವಲ್ಪ ದೂರದ ಒಂದು ಚಿಕ್ಕ ಸ್ಟೇಷನ್ನಿಗೆ. ಸುತ್ತ ಎರೆಹೊಲ, ಕಣ್ಣಿಗೆ ಎಟುಕುವಷ್ಟು ದೂರ ಹತ್ತಿ, ಜೋಳ. ಮೂರು ಲೈನು ಹಳಿ. ನಿಲ್ಲದೆ ಹೋಗುವ ಗಾಡಿಗಳು ಒಂದನೆಯದರಲ್ಲಿ ಸಾಗಿಹೋಗುತ್ತಿದ್ದವು. ಎದುರು ಗಾಡಿಗೆ ದಾರಿ ಬಿಡಬೇಕಾದವು ಎರಡನೆಯದರಲ್ಲೋ ಮೂರನೆಯದರಲ್ಲೋ ನಿಲ್ಲುತ್ತಿದ್ದವು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ತಗಡಿನ ಚಾವಣಿಯ ಒಂದು ಕ್ಯಾಬಿನ್ನು. ಅದರೊಳಗೆ ಸಾಲಾಗಿ ನಿಂತ ಕಬ್ಬಿಣದ ಲಿವರುಗಳು. ಒಂದನೆಯ ಲಿವರು ಎಳೆದರೆ ಒಂದನೆಯ ಲೈನಿಗೆ ದಾರಿ ಕೂಡುತ್ತದೆ, ಎರಡನೆಯದನ್ನು ಎಳೆದರೆ ಎರಡನೆಯದಕ್ಕೆ. ಆಮೇಲೆ ಸಿಗ್ನಲ್ ಇಳಿಸಿದರೆ ಹೊರಗೆ ನಿಂತ ಗಾಡಿ ಆ ಲೈನಿಗೆ ಬರುತ್ತದೆ. ಆ ಲೈನಿನಲ್ಲಿ ಮೊದಲೇ ಏನಾದರೂ ನಿಂತಿದೆಯೋ ಇಲ್ಲವೋ ಎಂಬುದು ಲಿವರಿಗೆ ಗೊತ್ತಿಲ್ಲ. ಅದನ್ನು ನೆನಪಿಡಬೇಕಾದವನು ಲಿವರು ಎಳೆಯುವ ಪಾಯಿಂಟ್ಸ್‌ಮನ್.

ಹಗಲು ಪಾಳಿಯ ಪಾಯಿಂಟ್ಸ್‌ಮನ್ನಿಗೆ ನಲವತ್ತೆರಡೋ ನಲವತ್ಮೂರೋ ವಯಸ್ಸು. ಹೊಳಗುಂದದ ಕಡೆಯವನು. ನನಗಿಂತ ಇಪ್ಪತ್ತು ವರ್ಷ ದೊಡ್ಡವನಾದರೂ ಆತ ನನ್ನನ್ನು "ಸ್ವಾಮೇರ, ನೀವು" ಎನ್ನುತ್ತಿದ್ದ, ನಾನು ಆತನನ್ನು "ನೀನು" ಎನ್ನುತ್ತಿದ್ದೆ. ಅದು ಆಗ ಇಬ್ಬರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಕ್ಯಾಬಿನ್ನಿನ ಮೂಲೆಯಲ್ಲಿ ನನಗಾಗಿ ಒಂದು ಸ್ಟೂಲು ತಂದಿಟ್ಟವನು ಆತನೇ. ಮನೆಯಿಂದ ಹುರಿದ ಶೇಂಗಾ ತರುತ್ತಿದ್ದ. ನಾನು ಅವರ ಮನೆಯಲ್ಲಿ ಬೇಯಿಸಿದ್ದನ್ನು ತಿನ್ನುವವನಲ್ಲ ಎಂದು ತಿಳಿದು, "ಹುರಿದದ್ದಕ್ಕ ಮೈಲಿಗಿ ಇಲ್ಲ ತಗೋರಿ. ಬೆಂಕಿ ಎಲ್ಲಾರ ಮನ್ಯಾಗೂ ಒಂದ" ಎಂದು ನಗುತ್ತಿದ್ದ. ನಾನು ತಿನ್ನುತ್ತಿದ್ದೆ.

ಆತನ ತಲೆಯ ಮೇಲೆ ಯಾವಾಗಲೂ ಒಂದು ದೊಡ್ಡ ರುಮಾಲು. ತೊಳೆದು ತೊಳೆದು ಮಣ್ಣಿನ ಬಣ್ಣಕ್ಕೆ ತಿರುಗಿದ ಬಿಳಿ ರುಮಾಲು. ನಮ್ಮ ಕಡೆ ಬರಿದಲೆಯಲ್ಲಿ ಹಿರಿಯರ ಎದುರು ನಿಲ್ಲುವುದು ಸಲ್ಲದು. ಸೂತಕದವನು ಮಾತ್ರ ಹಾಗೆ ನಿಲ್ಲುತ್ತಾನೆ. ಆದರೆ ನಾನು ಹೋದ ಎರಡನೆಯ ದಿನವೇ ಒಂದು ಸೋಜಿಗ ನೋಡಿದೆ. ಒಂದು ಗೂಡ್ಸನ್ನು ಮೂರನೆಯ ಲೈನಿಗೆ ತೆಗೆದುಕೊಂಡ ಕೂಡಲೇ ಆತ ರುಮಾಲು ಬಿಚ್ಚದೆ ಹಾಗೆಯೇ ಮೇಲೆತ್ತಿ ಮೂರನೆಯ ಲಿವರಿನ ತಲೆಗೆ ತೊಡಿಸಿದ. ಆ ಗಾಡಿ ಹೊರಟುಹೋಗುವವರೆಗೆ ಬರಿದಲೆಯಲ್ಲಿ ಓಡಾಡಿದ. ಗಾಡಿ ಹೋಯಿತು, ರುಮಾಲು ಮತ್ತೆ ತಲೆಗೇರಿತು.

"ಇದೇನು ನಿಂದು, ಲಿವರಿಗೆ ಪಟ್ಟಾಭಿಷೇಕ?" ಎಂದೆ.

"ತಲಿಮ್ಯಾಲ ಇದ್ದರ ನನಗೊಬ್ಬನಿಗೆ ನೆಳ್ಳು, ಸ್ವಾಮೇರ. ಲಿವರಿನ ಮ್ಯಾಲ ಇದ್ದರ ಗಾಡ್ಯಾಗ ಬರೋ ಎಲ್ಲಾರಿಗೂ ನೆಳ್ಳು" ಎಂದ. ಆಮೇಲೆ ನಗು ನಿಲ್ಲಿಸಿ ಹೇಳಿದ: "ಹದಿನೆಂಟು ವರ್ಷದಿಂದ ಇದ ಕೆಲಸ. ತಲಿಗೆ ಮರವು ಬರತೈತಿ, ಕೈಗೆ ಬರಂಗಿಲ್ಲ. ಕೈ ತನ್ನ ರೂಢಿಗೆ ತಾನು ಹೋಗಿಬಿಡತೈತಿ. ರುಮಾಲು ಇದ್ದರ ಎಳೆಯಾಕ ಮೊದಲು ಅದನ್ನ ತೆಗಿಬೇಕು. ತೆಗಿಬೇಕಾದ್ರ ಕಣ್ಣು ಬಿಡಬೇಕು. ಆಗ ತಿಳಿತೈತಿ, ಇಲ್ಲಿ ಗಾಡಿ ಐತಿ ಅಂತ."

ಮುಂದಿನ ಮೂವತ್ತು ವರ್ಷಗಳಲ್ಲಿ ನಾನು ಓದಿದ ಯಾವ ವರದಿಯೂ ಈ ವಿಷಯವನ್ನು ಇದಕ್ಕಿಂತ ಚೆನ್ನಾಗಿ ಹೇಳಲಿಲ್ಲ. ಆ ದಿನ ಮಾತ್ರ ನನಗೆ ಅದು ಹಳ್ಳಿಯವನ ಹುಚ್ಚಾಟ ಎನಿಸಿತು. ನನ್ನ ಹಾಳೆಯಲ್ಲಿ ಲಿವರಿನ ನಂಬರಿಗೆ ಒಂದು ಕಾಲಮು, ಸೆಕೆಂಡಿಗೆ ಒಂದು, ತಪ್ಪಿಗೆ ಒಂದು. ರುಮಾಲಿಗೆ ಕಾಲಮು ಇರಲಿಲ್ಲ. ಕೊನೆಯಲ್ಲಿ 'ಇತರೆ' ಎಂದು ಒಂದು ಜಾಗ ಇತ್ತು. ಅಲ್ಲಿ ಬರೆಯಬಹುದಿತ್ತು. ಸಾಹೇಬರು ಓದಿ ನಮ್ಮ ಕಡೆಯವರು ಲಿವರಿಗೆ ರುಮಾಲು ಸುತ್ತುವ ಮಂದಿ ಎಂದು ನಕ್ಕಾರು ಎಂದುಕೊಂಡು ಬಿಟ್ಟೆ. ಎರಡು ತಿಂಗಳು ದಿನಾ ನೋಡಿದೆ, ಒಂದು ದಿನವೂ ಬರೆಯಲಿಲ್ಲ.

ಮೂರನೆಯ ತಿಂಗಳಲ್ಲಿ ಸಾಹೇಬರು ತಾವೇ ಒಂದು ದಿನ ಕ್ಯಾಬಿನ್ನಿನಲ್ಲಿ ಕೂತು ನೋಡುವುದಾಗಿ ಹೇಳಿಕಳಿಸಿದರು. ನನಗೆ ಮದುವೆ ಮನೆಯ ಸಡಗರ. ಕ್ಯಾಬಿನ್ನಿನ ನೆಲ ಗುಡಿಸು ಎಂದು ಪಾಯಿಂಟ್ಸ್‌ಮನ್ನಿಗೆ ಹೇಳಿದೆ. ಲಿವರುಗಳಿಗೆ ಎಣ್ಣೆ ಹಚ್ಚಿ ಒರೆಸು ಎಂದೆ. ಹಲ್ಲಿಯ ಹಾಗೆ ಇರು ಎಂದಿದ್ದವರ ಮಾತು ನನಗೆ ಮರೆತೇ ಹೋಗಿತ್ತು.

ಆ ಬೆಳಿಗ್ಗೆ ಎರಡನೆಯ ಲೈನಿನಲ್ಲಿ ಮೂರು ವ್ಯಾಗನ್ನು ನಿಲ್ಲಿಸಿದ್ದರು. ಹತ್ತಿಯ ಬೇಲು ತುಂಬುವುದಕ್ಕೆ. ದಿನಾ ಆ ಲೈನು ಖಾಲಿ ಇರುತ್ತಿತ್ತು. ಹನ್ನೊಂದರ ಗೂಡ್ಸನ್ನು ದಿನಾ ಅದಕ್ಕೇ ತೆಗೆದುಕೊಳ್ಳುತ್ತಿದ್ದರು. ಆ ದಿನ ಹಾಗಲ್ಲದ್ದರಿಂದ ಪಾಯಿಂಟ್ಸ್‌ಮನ್ ಬೆಳಿಗ್ಗೆಯೇ ರುಮಾಲನ್ನು ಎರಡನೆಯ ಲಿವರಿಗೆ ತೊಡಿಸಿಬಿಟ್ಟಿದ್ದ. ಬೋಳುತಲೆ ಬಿಸಿಲಿಗೆ ಮಿಂಚುತ್ತಿತ್ತು. ನಡುವೆ ಹಳೆಯ ಗಾಯದ ಒಂದು ಕಲೆ.

ಸಾಹೇಬರ ಗಾಡಿ ಬರಲು ಇನ್ನೂ ಅರ್ಧ ಗಂಟೆ. ನಾನು ಹೇಳಿದೆ: "ಇವತ್ತೊಂದು ದಿನ ರುಮಾಲು ಸುತ್ತಿಕೋ. ಸಾಹೇಬರ ಮುಂದ ಹಿಂಗ ನಿಲ್ತೀಯೇನು, ಮನ್ಯಾಗ ಯಾರೋ ಸತ್ತವರಂಗ?"

ಆತ ತಲೆ ಸವರಿಕೊಂಡ. "ಅದು ಖರೇರಿ. ಆದ್ರ ಎರಡನೇದರಾಗ ವ್ಯಾಗನ್ ಅದಾವಲ್ಲ."

"ಅದಾವು, ನನಗೂ ಕಾಣ್ತಾವ."

"ಮತ್ತ ಬ್ಯಾರೆ ಏನರ ತೂಗುಹಾಕ್ಲೇನು? ಟವಲ್ ಐತಿ."

"ಸಾಹೇಬರು ಬರೋ ಹೊತ್ತಿಗೆ ಕ್ಯಾಬಿನ್ನಿನಾಗ ಬಟ್ಟಿ ಒಣಹಾಕಿದಂಗ ಕಾಣ್ತೈತಿ. ಬ್ಯಾಡ."

ಆತ ಲಿವರಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. ಆಗ ನಾನು ಆ ಮಾತು ಹೇಳಿದೆ. "ನಾ ಇಲ್ಲೇ ಕುಂತಿರ್ತೀನಲ್ಲ. ನಾ ನೆನಪು ಮಾಡ್ತೀನಿ, ನೀ ಸುತ್ತಿಕೋ."

ಓದಿದವನ ಮಾತು. ಆತ ನಂಬಿದ. ರುಮಾಲು ತೆಗೆದು, ಕೊಡವಿ, ಹೊಸದಾಗಿ ಅಚ್ಚುಕಟ್ಟಾಗಿ ಸುತ್ತಿಕೊಂಡ. "ಹೆಂಗದೀನ್ರಿ, ಮದಿಮಗ ಇದ್ದಂಗ?" ಎಂದ. ನಾನು ಸರಿ ಎಂದೆ.

ಸಾಹೇಬರು ಬಂದು ಸ್ಟೂಲಿನ ಮೇಲೆ ಕೂತರು. ನಾನು ಅವರ ಪಕ್ಕದಲ್ಲಿ ಸ್ಟಾಪ್ ವಾಚು ಹಿಡಿದು ನಿಂತೆ. ಹನ್ನೊಂದರ ಗೂಡ್ಸು ಹೊರಗಿನ ಸಿಗ್ನಲ್ಲಿನ ಹತ್ತಿರ ಬಂದು ಕೂಗಿತು. ಸ್ಟೇಷನ್ ಮಾಸ್ತರು ಪ್ಲಾಟ್‌ಫಾರ್ಮಿನಿಂದ ಮೂರು ಬೆರಳು ಎತ್ತಿ ತೋರಿಸುತ್ತ, "ಮೂರು! ಮೂರನೇದಕ್ಕೆ ತಗೋಪಾ!" ಎಂದು ಕೂಗಿದರು. ಪಾಯಿಂಟ್ಸ್‌ಮನ್ ನೆಟ್ಟಗೆ ನಿಂತು, "ಮೂರು, ಸ್ವಾಮಿ!" ಎಂದು ಗಟ್ಟಿಯಾಗಿ ಉತ್ತರ ಕೊಟ್ಟ. ಅದನ್ನು ಸಾಹೇಬರೂ ಕೇಳಿದರು, ನಾನೂ ಕೇಳಿದೆ. ಬಾಯಿ ಮೂರು ಎಂದಿತು. ಕೈ ಎರಡನೆಯ ಲಿವರಿಗೆ ಹೋಯಿತು. ದಿನಾ ಆ ಹೊತ್ತಿಗೆ ಹೋಗುತ್ತಿದ್ದ ಹಾಗೆ ಹೋಯಿತು. ಅಲ್ಲಿ ಅದನ್ನು ತಡೆಯುವುದು ಏನೂ ಇರಲಿಲ್ಲ.

ನಾನು ಆಗ ಎಲ್ಲಿ ನೋಡುತ್ತಿದ್ದೆ? ವಾಚಿನ ಮುಳ್ಳನ್ನು. ಸಾಹೇಬರ ಎದುರು ಅರ್ಧ ಸೆಕೆಂಡೂ ತಪ್ಪಬಾರದು ಎಂದು ಗುಂಡಿಯ ಮೇಲೆ ಹೆಬ್ಬೆರಳು ಬಿಗಿಹಿಡಿದು ನಿಂತಿದ್ದೆ. ಲಿವರು ಕೂತ ಸದ್ದಿಗೆ ಗುಂಡಿ ಒತ್ತಿದೆ. ಹಾಳೆಯಲ್ಲಿ "ಲಿವರು 2" ಎಂದು ನಾನೇ ಬರೆದೆ. ನನ್ನ ಕೈಯೂ ದಿನಾ ಬರೆಯುತ್ತಿದ್ದುದನ್ನೇ ಬರೆಯಿತು. ಸಿಗ್ನಲ್ ಇಳಿಯಿತು. ಎರಡು ಎಂದು ಬರೆದ ಮೇಲೂ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಹೊರಗೆ ಬೇಲು ತುಂಬುತ್ತಿದ್ದ ಹಮಾಲರು ಕಿರುಚಿದಾಗ. ಇಂಜಿನ್ನು ನಿಧಾನವಾಗಿಯೇ ಬರುತ್ತಿತ್ತು. ಡ್ರೈವರು ವ್ಯಾಗನ್ನು ಕಂಡು ಬ್ರೇಕು ಹಾಕಿದ. ಆದರೂ ಸಾಲಲಿಲ್ಲ. ಒಂದು ವ್ಯಾಗನ್ನು ಹಳಿ ಬಿಟ್ಟು ವಾಲಿತು, ಬೇಲುಗಳು ಉರುಳಿದವು. ಒಂದು ಬೇಲಿನ ಪಟ್ಟಿ ಹರಿದು ಹತ್ತಿ ಹೊರಬಂದು ಹಳಿಯ ಮೇಲೆಲ್ಲ ಹರಡಿತು. ಹಮಾಲರು ಹಾರಿಕೊಂಡು ಪಾರಾದರು. ಇಂಜಿನ್ನಿನಲ್ಲಿ ಕಲ್ಲಿದ್ದಲು ಹಾಕುವವನು ಮಾತ್ರ ಮುಗ್ಗರಿಸಿ ಬಿದ್ದು ಭುಜದ ಮೂಳೆ ಮುರಿದುಕೊಂಡ. ಯಾರೂ ಸಾಯಲಿಲ್ಲ. ಆ ಮಾತನ್ನು ನಾನು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ.

ಪಾಯಿಂಟ್ಸ್‌ಮನ್ ಲಿವರು ಹಿಡಿದೇ ನಿಂತಿದ್ದ. ಸಾಹೇಬರು ಹೊರಗೆ ಓಡಿದರು. ಕ್ಯಾಬಿನ್ನಿನಲ್ಲಿ ನಾವಿಬ್ಬರೇ. ಆತ ನನ್ನ ಮುಖ ನೋಡಿ, "ನೆನಪು ಮಾಡಲಿಲ್ಲಲ್ರಿ ಸ್ವಾಮೇರ" ಎಂದ. ಬೈದ ಹಾಗಿರಲಿಲ್ಲ. ಅಂಗಡಿಗೆ ಹೋದವನು ಉಪ್ಪು ತರುವುದು ಮರೆತು ಬಂದರೆ ಹೇಳುತ್ತಾರಲ್ಲ, ಅಷ್ಟೇ ಮೆಲ್ಲಗೆ.

ವಿಚಾರಣೆಗೆ ಮೂವರು ದೊಡ್ಡ ಅಧಿಕಾರಿಗಳು ಬಂದರು. ಅದರ ಹಿಂದಿನ ದಿನ ನಮ್ಮ ಸಾಹೇಬರು ನನ್ನನ್ನು ಕೂರಿಸಿಕೊಂಡು ನನ್ನ ಎರಡು ತಿಂಗಳ ಹಾಳೆಗಳನ್ನೆಲ್ಲ ತಿರುವಿ ಹಾಕಿದರು. ಅವರ ಮುಖ ಬಾಡಿತ್ತು. "ಇವನು ಎರಡು ತಿಂಗಳಲ್ಲಿ ಒಮ್ಮೆಯೂ ತಪ್ಪಿಲ್ಲ. ಆ ದಿನ ಏನೋ ಒಂದು ಬೇರೆ ಇತ್ತು. ಬೇರೆ ದಿನ ಮಾಡುತ್ತಿದ್ದುದು ಏನನ್ನಾದರೂ ಅವನು ಆ ದಿನ ಮಾಡದೆ ಬಿಟ್ಟನೆ? ಯೋಚಿಸಿ ಹೇಳು. ಎಷ್ಟೇ ಸಣ್ಣದಾದರೂ ಚಿಂತೆಯಿಲ್ಲ" ಎಂದು ಕೇಳಿದರು.

ಇಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ನನ್ನನ್ನು ಎಂದೂ ಕೇಳಿಲ್ಲ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ, ಎರಡು ತಿಂಗಳು ಏಕೆ ಬರೆಯಲಿಲ್ಲ ಎನ್ನುತ್ತಾರೆ. ಆ ದಿನ ರುಮಾಲು ತಲೆಗೆ ಏಕೆ ಹೋಯಿತು ಎನ್ನುತ್ತಾರೆ. ಕೈ ಹಾಕಬೇಡ ಎಂದಿದ್ದವರಿಗೆ ನಾನೇ ಕೈ ಹಾಕಿದೆ ಎನ್ನಬೇಕಾಗುತ್ತದೆ.

"ಇಲ್ಲ ಸರ್. ಎಂದಿನ ಹಾಗೆಯೇ ಇದ್ದ" ಎಂದೆ.

ಆ ಸಂಜೆ ಪಾಯಿಂಟ್ಸ್‌ಮನ್ ಸ್ಟೇಷನ್ನಿನ ಬೇವಿನ ಮರದ ಕೆಳಗೆ ನನಗಾಗಿ ಕಾಯುತ್ತಿದ್ದ. ಕೆಲಸದಿಂದ ನಿಲ್ಲಿಸಿದ್ದರು. ಹೆಂಡತಿಯೂ ಜೊತೆಗಿದ್ದಳು. ಆಕೆಯನ್ನು ನಾನು ನೋಡಿದ್ದು ಅದೇ ಮೊದಲು.

"ನಾಳೆ ನೀವು ಒಂದ ಮಾತು ಹೇಳ್ರಿ" ಎಂದ. "ನಾ ದಿನಾ ರುಮಾಲು ಹಾಕ್ತಿದ್ದೆ, ಅವತ್ತು ಹಾಕಲಿಲ್ಲ. ಇಷ್ಟ ಹೇಳ್ರಿ. ನೀವು ಸುತ್ತಿಕೋ ಅಂದದ್ದು ಬ್ಯಾಡ. ಸಾಹೇಬರು ಬರ್ತಾರಂತ ನಾನ ಸುತ್ತಿಕೊಂಡೆ ಅಂತ ಹೇಳ್ತೀನಿ ನಾನು."

"ನೀನೇ ಹೇಳಬಹುದಲ್ಲ" ಎಂದೆ.

"ನಾ ಹೇಳಿದ್ರ ತಪ್ಪಿಸಿಕೊಳ್ಳಾಕ ಕತಿ ಕಟ್ಟತಾನ ಅಂತಾರ. ನೀವು ದಿನಾ ಕುಂತು ನೋಡಿದವರು, ಬರಕೊಂಡವರು. ನೀವು ಹೇಳಿದ್ರ ನಂಬ್ತಾರ. ಪೂರಾ ಬಿಟ್ಟುಬಿಡ್ತಾರ ಅಂತಲ್ಲ. ಕೆಲಸ ಕಡಿಮಿದು ಕೊಡಲಿ, ಗೇಟಿಗೆ ಹಾಕಲಿ. ನೌಕರಿ ಒಂದು ಉಳಿಲಿ."

ಹೆಂಡತಿ ಅಷ್ಟು ಹೊತ್ತು ನೆಲ ನೋಡುತ್ತಿದ್ದವಳು ತಲೆಯೆತ್ತಿ, "ಸ್ವಾಮೇರು ಹೇಳ್ತಾರ ತಗೋ. ಅವರೇನು ಸುಳ್ಳು ಹೇಳೋರು ಅಲ್ಲ" ಎಂದಳು. ನಾನು ಹೂಂ ಎಂದೆ. ಹೂಂ ಎಂದದ್ದು ಸ್ಪಷ್ಟವಾಗಿ ನೆನಪಿದೆ.

ಮರುದಿನ ಮಾಸ್ತರರ ಕೋಣೆಯಲ್ಲಿ ವಿಚಾರಣೆ. ಆತ ತನ್ನ ಮಾತಿನಂತೆಯೇ ನಡೆದ. ರುಮಾಲಿನ ಕತೆ ಹೇಳಿದ, ಸಾಹೇಬರಿಗೆ ಮರ್ಯಾದೆ ಕೊಡಲು ತಾನೇ ಸುತ್ತಿಕೊಂಡೆ ಎಂದ. ನನ್ನ ಹೆಸರು ತರಲಿಲ್ಲ. ಅಧಿಕಾರಿಗಳಲ್ಲಿ ಒಬ್ಬರು ನಕ್ಕರು. ಇನ್ನೊಬ್ಬರು ನನ್ನ ಹಾಳೆಗಳನ್ನು ಎತ್ತಿ ಹಿಡಿದು, "ಇದರಲ್ಲಿ ರುಮಾಲಿನ ಮಾತೇ ಇಲ್ಲವಲ್ಲ. ನೀನು ಎರಡು ತಿಂಗಳು ಅಲ್ಲೇ ಇದ್ದೆ. ಇವನು ಹೇಳುವುದು ನಿಜವೆ?" ಎಂದು ಕೇಳಿದರು.

ನಮ್ಮ ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನನ್ನನ್ನೇ ನೋಡುತ್ತಿದ್ದರು. ಹಿಂದಿನ ದಿನ ಅವರಿಗೆ ಇಲ್ಲ ಎಂದುಬಿಟ್ಟಿದ್ದೆ. ಈಗ ಹೌದು ಎಂದರೆ ನಿನ್ನೆಯದು ಸುಳ್ಳಾಗುತ್ತದೆ. ಸಣ್ಣ ಸುಳ್ಳನ್ನು ಕಾಯುವುದಕ್ಕೆ ದೊಡ್ಡದನ್ನು ನಿಲ್ಲಿಸಿದೆ.

"ನಾನು ಗಮನಿಸಿಲ್ಲ ಸರ್" ಎಂದೆ.

ಇಲ್ಲ ಎನ್ನಲಿಲ್ಲ, ಗಮನಿಸಿಲ್ಲ ಎಂದೆ. ಅದರಲ್ಲಿ ಒಂದು ಜಾಣತನ ಇದೆ ಎಂದು ಆಗ ತಿಳಿದಿದ್ದೆ. ಗಮನಿಸುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವನು ಗಮನಿಸಿಲ್ಲ ಎಂದರೆ ಕೇಳಿದವರಿಗೆ ಒಂದೇ ಅರ್ಥ, ಅಂಥದೇನೂ ಇರಲಿಲ್ಲ ಎಂದು. ಪಾಯಿಂಟ್ಸ್‌ಮನ್ ನನ್ನ ಕಡೆ ತಿರುಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದ. ಅವನನ್ನು ಇನ್ನೇನಾದರೂ ಹೇಳುವುದಿದೆಯೆ ಎಂದು ಕೇಳಿದರು. "ಏನಿಲ್ರಿ. ಕೈ ನಂದ" ಎಂದ.

ತಿಂಗಳೊಳಗೆ ಆತನನ್ನು ಕೆಲಸದಿಂದ ತೆಗೆದರು. ತಪ್ಪಿಗಿಂತ ಹೆಚ್ಚಾಗಿ, ಸುಳ್ಳು ಕತೆ ಹೇಳಿದ ಎಂಬ ಮಾತು ಆದೇಶದಲ್ಲಿ ಇತ್ತಂತೆ. ಕ್ವಾರ್ಟರ್ಸು ಬಿಟ್ಟು ಹೋಗುವ ದಿನ ನಾನು ಜ್ವರ ಎಂದು ಹೇಳಿ ಆದೋನಿಯಲ್ಲೇ ಉಳಿದೆ. ಜ್ವರ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಹೇಡಿತನ ಎಂದು ಬರೆದು ಮುಗಿಸಬಹುದಿತ್ತು.

ಮೂರು ತಿಂಗಳ ಆ ಕೆಲಸವನ್ನು ಮುಂದುವರಿಸಿದ್ದರಿಂದ ನಾನು ಸಾಹೇಬರ ಬಳಿಯೇ ಉಳಿದೆ. ಮುಂದಿನ ವರ್ಷ ಅವರು ಚಿಕ್ಕ ಸ್ಟೇಷನ್ನುಗಳಿಗೆ ಏನಾದರೂ ಅಗ್ಗದ ಉಪಾಯ ಹೇಳಿ ಎಂದು ತಮ್ಮ ಸಹಾಯಕರನ್ನೆಲ್ಲ ಕೇಳಿದರು. ನಾನು ಒಂದು ಕಾಗದದಲ್ಲಿ ಚಿತ್ರ ಬರೆದುಕೊಟ್ಟೆ. ಕೆಂಪು ಬಣ್ಣ ಹಚ್ಚಿದ ಒಂದು ಕಬ್ಬಿಣದ ಬಳೆ. ಲೈನಿನಲ್ಲಿ ಗಾಡಿ ನಿಂತಿದ್ದರೆ ಆ ಲೈನಿನ ಲಿವರಿಗೆ ಅದನ್ನು ತೊಡಿಸಬೇಕು. ತೆಗೆಯದೆ ಎಳೆಯಲು ಆಗಬಾರದು. ಇಂಥ ಬಳೆಗಳು ದೊಡ್ಡ ಸ್ಟೇಷನ್ನುಗಳಲ್ಲಿ ಮೊದಲಿನಿಂದಲೂ ಇದ್ದವು ಎಂದು ಆಮೇಲೆ ತಿಳಿಯಿತು. ಆದರೆ ನಮ್ಮ ಭಾಗದಲ್ಲಿ ಯಾರೂ ಕಂಡಿರಲಿಲ್ಲ. ಸಾಹೇಬರು ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದರು. "ಇದು ನಿನಗೆ ಹೇಗೆ ಹೊಳೆಯಿತು?" ಎಂದರು.

"ನೋಡ್ತಾ ನೋಡ್ತಾ ಹೊಳೆಯಿತು ಸರ್."

ಅವರ ಮುಖದ ಮೇಲೆ ಏನೋ ಒಂದು ಹಾದುಹೋಯಿತು. ಅವರಿಗೆ ಆ ವಿಚಾರಣೆ ನೆನಪಾಯಿತೋ ಏನೋ. ಕೇಳಲಿಲ್ಲ. ವರದಿಯಲ್ಲಿ ನನ್ನ ಹೆಸರು ಹಾಕಿದರು. ಅದರಿಂದಲೇ ನಾನು ಕಾಯಂ ಆದೆ. ಬಳೆಗಳು ಬಂದವು, ಒಂದೊಂದೇ ಸ್ಟೇಷನ್ನಿಗೆ ಹೋದವು. ನಾನು ಕ್ಯಾಬಿನ್ನಿನಿಂದ ಕ್ಯಾಬಿನ್ನಿಗೆ ಹೋಗಿ ಅದನ್ನು ತೊಡಿಸುವುದು ತೆಗೆಯುವುದು ಹೇಗೆ ಎಂದು ಕಲಿಸಿಕೊಟ್ಟೆ. ಎಲ್ಲೆಲ್ಲೂ ಪಾಯಿಂಟ್ಸ್‌ಮನ್ನರು, "ಭಾಳ ಚಲೋ ಮಾಡ್ಯಾರ" ಎನ್ನುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ.

ಆ ದಶಕ ಮುಗಿಯುವ ಮುಂಚೆ, ಒಂದು ಶ್ರಾವಣದಲ್ಲಿ, ತಡೆಯಲಾರದೆ ಹೊಳಗುಂದಕ್ಕೆ ಹೋದೆ. ಬಸ್ಸಿಳಿದು ವಿಚಾರಿಸಿದರೆ ಉರುಕುಂದದ ಜಾತ್ರೆಗೆ ಹೊರಟಿದ್ದವರೊಬ್ಬರು ಮನೆ ತೋರಿಸಿದರು. ಆತನ ಹೆಂಡತಿಯ ಅಣ್ಣನ ಮನೆ. ಆತ ಆ ಭಾವನ ಹೊಲದಲ್ಲಿ ಶೇಂಗಾದ ಕಳೆ ತೆಗೆಯಲು ಎಡೆ ಹೊಡೆದು ಆಗಷ್ಟೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಮೈ ಇಳಿದಿತ್ತು. ನನ್ನನ್ನು ಕಂಡು ಎದ್ದು ನಿಂತ. ಹಾಗೆ ಎದ್ದು ನಿಂತದ್ದು ನನಗೆ ಹೊಡೆತದಂತಾಯಿತು.

"ಬರ್ರಿ ಸ್ವಾಮೇರ, ಕುಂದರ್ರಿ. ಎಷ್ಟು ದೂರ ಬಂದೀರಿ."

ನಾನು ಕೂರದೆಯೇ ಎಲ್ಲ ಹೇಳಿದೆ. ಸುತ್ತಿಕೋ ಎಂದವನು ನಾನು, ನೆನಪು ಮಾಡುತ್ತೇನೆ ಎಂದು ಮಾಡದವನು ನಾನು, ಗೊತ್ತಿದ್ದೂ ಗಮನಿಸಿಲ್ಲ ಎಂದವನು ನಾನು. ಮೊದಲ ಸಲ ಆತನನ್ನು "ನೀವು" ಎಂದೆ. ಆತ ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ ಮೆಲ್ಲಗೆ ನಕ್ಕ.

"ಇದು ನನಗ ಗೊತ್ತಿಲ್ಲೇನ್ರಿ? ನಾ ಅಲ್ಲೇ ಇದ್ನಲ್ಲ."

ಒಳಗಿನಿಂದ ಹೆಂಡತಿ ನೀರು ತಂದು ನನ್ನ ಎದುರು ಕಟ್ಟೆಯ ಮೇಲೆ ಇಟ್ಟಳು. "ಗೊತ್ತಿದ್ದವರ ಮುಂದ ಬಂದು ಹೇಳಿದ್ರ ಏನ್ ಬಂತ್ರಿ?" ಎಂದಳು. "ಗೊತ್ತಿಲ್ಲದವರು ಅಲ್ಲಿ ಆಫೀಸಿನಾಗ ಕುಂತಾರ. ಅವರಿಗೆ ಹೇಳ್ರಿ."

"ಏ, ಸುಮ್ನಿರು" ಎಂದ ಆತ.

"ಯಾಕ ಸುಮ್ನಿರಲಿ? ಅವತ್ತು ನಾನ ಅಂದಿದ್ದೆ, ಸ್ವಾಮೇರು ಸುಳ್ಳು ಹೇಳೋರಲ್ಲ ಅಂತ. ನನ್ನ ಬಾಯಿಗೆ ಬೂದಿ ಬೀಳಲಿ. ಅಣ್ಣನ ಹೆಂಡ್ತಿ ದಿನಾ ರೊಟ್ಟಿ ಎಣಿಸಿ ಹಾಕ್ತಾಳ ಇವರಿಗೆ. ಅದನ್ನೂ ಬರಕೊಳ್ರಿ ನಿಮ್ಮ ಹಾಳ್ಯಾಗ."

ಆತ ಆಕೆಯನ್ನು ಕೈ ಸನ್ನೆಯಿಂದ ಒಳಗೆ ಕಳಿಸಿದ. ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ವರ್ಷಗಳಲ್ಲಿ ಎರಡನೆಯ ಸಲ, ಒಂದು ಕೋರಿಕೆ ಇಟ್ಟ. "ಆಕಿ ಹೇಳೋದು ಒರಟು, ಆದ್ರ ಮಾತು ಬರೋಬ್ಬರಿ ಐತಿ. ಒಂದು ಕಾಗದ ಬರೀರಿ ಆಫೀಸಿಗೆ. ಈಗ ಹೇಳಿದ್ದನ್ನ ಬರೀರಿ. ನನ್ನ ಸರ್ವೀಸು ಇನ್ನೂ ಎಂಟೊಂಬತ್ತು ವರ್ಷ ಐತಿ. ವಾಪಸ್ ತಗೊಂಡ್ರ ತಗೊಳ್ಳಲಿ. ಇಲ್ಲಾಂದ್ರ ಸುಳ್ಳು ಹೇಳಿದ ಅನ್ನೋ ಮಾತರ ತೆಗಿಲಿ."

ಬರೆಯುತ್ತೇನೆ ಎಂದೆ. ಈ ಸಲ ಹೂಂ ಎನ್ನಲಿಲ್ಲ, ಬಾಯಿ ಬಿಟ್ಟೇ ಹೇಳಿದೆ. ನಾಳೆಯೇ ಬರೆಯುತ್ತೇನೆ ಎಂದೆ. ಕೆಂಪು ಬಳೆಯ ಮಾತನ್ನು ಮಾತ್ರ ಆತನಿಗೆ ಹೇಳಲಿಲ್ಲ. ಎಲ್ಲ ಹೇಳಿಬಿಟ್ಟೆ ಎಂಬ ಹಗುರದಲ್ಲಿ ಬಸ್ಸು ಹತ್ತಿದವನಿಗೆ, ಹೇಳದೆ ಉಳಿಸಿಕೊಂಡದ್ದು ನೆನಪಾದದ್ದು ಅರ್ಧ ದಾರಿಯಲ್ಲಿ.

ಮನೆಗೆ ಬಂದು ಕಾಗದ ಬರೆದೆ. ಓದಿ ನೋಡಿದೆ. ರುಮಾಲಿನ ಮಾತು ನಿಜ ಎಂದು ಬರೆದ ಕೂಡಲೇ ಬಳೆ ಯಾರದು ಎಂಬುದೂ ತಿಳಿದುಹೋಗುತ್ತದೆ. ವರದಿಯಲ್ಲಿದ್ದ ನನ್ನ ಹೆಸರು, ಕಾಯಂ ಆದ ನೌಕರಿ, ಎಲ್ಲವೂ ಆ ಒಂದು ಹಾಳೆಯ ಮೇಲೆ ಕೂತಿದ್ದವು. ಆ ವರ್ಷ ನನ್ನ ಮದುವೆ ನಿಶ್ಚಯವಾಗಿತ್ತು. ಮದುವೆ ಆದ ಮೇಲೆ ಕಳಿಸೋಣ ಎಂದುಕೊಂಡೆ. ಆಮೇಲೆ ಮಗು ಆಗಲಿ ಎಂದೆ. ಆಮೇಲೆ ಸಾಹೇಬರು ನಿವೃತ್ತರಾಗಲಿ, ಅವರ ಮನಸ್ಸು ನೋಯಿಸುವುದು ಬೇಡ ಎಂದೆ. ಒಂದು ಕಾರಣ ಮುಗಿಯುವುದರೊಳಗೆ ಇನ್ನೊಂದು ಸಿಗುತ್ತಿತ್ತು.

ಎಂಟೊಂಬತ್ತು ವರ್ಷಗಳು ಹಾಗೆಯೇ ಕಳೆದವು. ಆತ ನೌಕರಿಯಲ್ಲಿದ್ದಿದ್ದರೆ ನಿವೃತ್ತನಾಗುತ್ತಿದ್ದ ವಯಸ್ಸು ದಾಟಿದ ಮೇಲೆ ಕಾಗದವನ್ನು ಹೊಸದಾಗಿ ಬರೆದು ಆಫೀಸಿಗೆ ಕಳಿಸಿದೆ. ಬಳೆಯ ವಿಷಯ ಅದರಲ್ಲಿಯೂ ಬರೆಯಲಿಲ್ಲ. ಅಷ್ಟು ಹೊತ್ತಿಗೆ ಆ ಕಾಗದದಿಂದ ಆ ಮನುಷ್ಯನಿಗೆ ನೌಕರಿ ಬರುವಂತಿರಲಿಲ್ಲ, ನನ್ನದು ಹೋಗುವಂತಿರಲಿಲ್ಲ. ಎರಡು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ಆ ಕಡತ ಈಗ ಇಲ್ಲ, ವಿಷಯವನ್ನು ಮತ್ತೆ ಪರಿಶೀಲಿಸಲಾಗದು ಎಂದಿತ್ತು.

ಅದನ್ನು ಓದಿ ನನಗೆ ದುಃಖವಾಯಿತು ಎಂದು ಬರೆದರೆ ಇಷ್ಟು ಹೊತ್ತು ಬರೆದದ್ದೆಲ್ಲ ವ್ಯರ್ಥ. ನನಗೆ ಆದದ್ದು ಸಮಾಧಾನ. ಆ ದಿನ ಮಧ್ಯಾಹ್ನ ಎರಡು ಸಲ ಅನ್ನ ಬಡಿಸಿಕೊಂಡು ಉಂಡೆ, ಮಲಗಿ ನಿದ್ದೆಯನ್ನೂ ಮಾಡಿದೆ. ಇಂಥ ಉತ್ತರ ಬಂದಿದೆ, ನಿಮ್ಮ ಮೇಲಿನ ಸುಳ್ಳಿನ ಮಾತು ತೆಗೆಯಲು ಇನ್ನು ಯಾರಿಂದಲೂ ಆಗುವುದಿಲ್ಲ ಎಂದು ಹೊಳಗುಂದಕ್ಕೆ ಒಂದು ಕಾರ್ಡು ಹಾಕಬೇಕಾಗಿತ್ತು. ಹಾಕಲಿಲ್ಲ. ನಾಳೆಯೇ ಬರೆಯುತ್ತೇನೆ ಎಂದು ಹೇಳಿ ಬಂದವನ ಕಾಗದಕ್ಕೆ ಏನಾಯಿತೆಂದು ಆ ಗಂಡಹೆಂಡಿರು ಎಷ್ಟು ವರ್ಷ ಕಾದರೋ ನನಗೆ ತಿಳಿಯದು. ಮತ್ತೆ ಆ ಊರಿನ ಕಡೆ ನಾನು ಹೋಗಲೇ ಇಲ್ಲ.